ಮೂರು ಎಲೆಗಳ ಡಬ್ಬಿ

ಬಹಳ ಹಿಂದೆ, ಮಂಜುಗಿರಿ ಎಂಬ ರಾಜ್ಯದಲ್ಲಿ, ಅರಮನೆಗೆ ಚಹಾ ಮಾಡಿಕೊಡುವ ಸುರಗಿ ಎಂಬವಳಿದ್ದಳು. ತಾಯಿಯಿಲ್ಲದ ತಂಗಿ ಇರವಂತಿಯನ್ನು ಅವಳೇ ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು.

ಒಂದು ಬೆಳಿಗ್ಗೆ ಶುಷ್ಕಾಕ್ಷನೆಂಬ ಮಾಂತ್ರಿಕ ಅರಮನೆಯ ಬಾಗಿಲಿಗೆ ಬಂದು ಚಹಾ ಕೇಳಿದ.

"ಎಲೆ ಅರಳಬೇಕು, ಸ್ವಾಮಿ. ಸ್ವಲ್ಪ ಕುಳಿತುಕೊಳ್ಳಿ" ಎಂದಳು ಸುರಗಿ.

"ನನ್ನನ್ನೇ ಕಾಯಿಸುತ್ತೀಯಾ?" ಎಂದವನೇ ಉಫ್ ಎಂದು ಊದಿದ. ಸುರಗಿ, ಪಕ್ಕದಲ್ಲಿದ್ದ ಪಟ್ಟದಾನೆ, ಆನೆಯ ಬೆನ್ನ ಮೇಲಿದ್ದ ರಾಜರ ಗಿಳಿ, ಮೂವರೂ ಒಣಗಿ ಮುರುಟಿ ಮೂರು ಚಹಾ ಎಲೆಗಳಾದರು. ಅವನ್ನು ಬೆಳ್ಳಿಯ ಡಬ್ಬಿಗೆ ತುಂಬಿಕೊಂಡು ಮಾಂತ್ರಿಕ ಹೊರಟುಹೋದ.

ಇರವಂತಿ ಏಳು ಬೆಟ್ಟ ದಾಟಿ ಅವನ ಗುಹೆಗೆ ಹೋದಳು. "ನನ್ನ ಅಕ್ಕನನ್ನು ಕೊಡು."

ಅವನು ನಕ್ಕ. "ಒಲೆ ಇದೆ, ನೀರಿದೆ, ಹೂಜಿ ಇದೆ. ಮೂರು ಎಲೆ, ಮೂರು ಸಲ ಚಹಾ ಮಾಡು. ಒಬ್ಬರಾದರೂ ಮೊದಲಿದ್ದಂತೆಯೇ ಹೊರಬಂದರೆ ನಾನು ಧೂಳಾಗುತ್ತೇನೆ. ಇಲ್ಲವಾದರೆ ನೀನೇ ನಾಲ್ಕನೆಯ ಎಲೆ."

ಅಕ್ಕ ಯಾವ ಎಲೆಯೆಂದು ತಿಳಿಯುವಂತಿರಲಿಲ್ಲ. ಇರವಂತಿ ಅವಸರದಿಂದ ಮೊದಲನೆಯದನ್ನು ಕೊತಕೊತ ಕುದಿಯುವ ನೀರಿಗೆ ಹಾಕಿ ಒಲೆಯ ಮೇಲೆಯೇ ಬಿಟ್ಟಳು. ಗಿಳಿ ಹಾರಿಬಂತು. ಅದರ ನಾಲಿಗೆ ಹಾಗಲಕಾಯಿಯಷ್ಟು ಕಹಿಯಾಗಿತ್ತು.

"ಸುಟ್ಟುಬಿಟ್ಟೆಯಲ್ಲೇ, ಪೆದ್ದಿ! ಇದೇನು ಚಹಾವೋ, ಕಷಾಯವೋ?"

ಹೆದರಿದ ಇರವಂತಿ ಎರಡನೆಯ ಎಲೆಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿದಳು. ಪಟ್ಟದಾನೆ ಬಂತು, ಬೆಕ್ಕಿನ ಮರಿಯಷ್ಟೇ ಗಾತ್ರದ್ದು. ಬಸಿಯಲ್ಲಿ ಕುಳಿತು ಸೊಂಡಿಲೆತ್ತಿ ಪೀ ಎಂದಿತು.

"ಬಹಳ ಚೆನ್ನಾಗಿದೆ" ಎಂದಿತು ಗಿಳಿ. "ಇನ್ನು ರಾಜರು ಇದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರವಣಿಗೆ ಹೋಗಬಹುದು."

ಉಳಿದದ್ದು ಒಂದೇ ಎಲೆ. ಅದು ಅಕ್ಕ. ಅಕ್ಕ ಚಹಾ ಮಾಡುತ್ತಿದ್ದ ರೀತಿಯನ್ನು ಇರವಂತಿ ನೆನಪಿಸಿಕೊಂಡಳು. ಈ ಸಲ ಅವಳು ಬಿಸಿನೀರಿನಿಂದ ಹೂಜಿಯನ್ನು ತೊಳೆದು ಬೆಚ್ಚಗೆ ಮಾಡಿದಳು. ನೀರು ಕುದಿಬಂದೊಡನೆ ಒಲೆಯಿಂದ ಇಳಿಸಿ, ಕುದಿತ ಅಡಗಿದ ಮೇಲೆ, ಎಲೆಯ ಮೇಲೆ ಮೆಲ್ಲಗೆ ಸುರಿದು ಮುಚ್ಚಳ ಹಾಕಿದಳು. ಕಲಕಲಿಲ್ಲ, ಕುಲುಕಲಿಲ್ಲ. ಹೂಜಿಗೆ ಸೆರಗು ಸುತ್ತಿ ಮಡಿಲಲ್ಲಿಟ್ಟುಕೊಂಡಳು.

ಒಳಗಿನಿಂದ ಅಕ್ಕನ ದನಿ ಬಂತು. "ಇರವಂತೀ, ಉಸಿರು ಕಟ್ಟುತ್ತಿದೆ. ಮುಚ್ಚಳ ತೆಗೆಯೇ!"

ಅದು ಅಕ್ಕನೋ, ಮಾಂತ್ರಿಕನ ಮಾಯೆಯೋ ಅವಳಿಗೆ ತಿಳಿಯಲಿಲ್ಲ. ಬೆರಳುಗಳು ಮುಚ್ಚಳದವರೆಗೆ ಹೋಗಿ ನಿಂತವು.

"ಅಕ್ಕಾ, ಅರ್ಧ ಅರಳಿದ ನಿನ್ನನ್ನು ಹೇಗೆ ಹೊರಗೆ ಕರೆಯಲಿ? ಇನ್ನೊಂದು ಚೂರು ತಡೆದುಕೋ. ನಾನಿಲ್ಲೇ ಇದ್ದೇನೆ" ಎಂದು ಅಳುತ್ತಲೇ ಹೂಜಿಯನ್ನು ಸವರಿದಳು.

"ಇನ್ನೂ ಎಷ್ಟು ಹೊತ್ತು?" ಎಂದು ಮಾಂತ್ರಿಕ ನೆಲಕ್ಕೆ ಕಾಲು ಬಡಿದ.

ಕೊನೆಗೆ ಹೂಜಿಯ ಮೂತಿಯಿಂದ ಪರಿಮಳ ಎದ್ದು ಗುಹೆಯನ್ನೆಲ್ಲ ತುಂಬಿತು. ಆಗ ಅವಳು ಮುಚ್ಚಳ ತೆಗೆದಳು.

ಸುರಗಿ ಎದ್ದು ನಿಂತಳು, ಮೊದಲಿದ್ದಂತೆಯೇ, ಕೆನ್ನೆಯ ಮಚ್ಚೆಯ ಸಮೇತ. ಶುಷ್ಕಾಕ್ಷ ಪುಡಿಪುಡಿಯಾಗಿ ನೆಲಕ್ಕುದುರಿದ. ಆನೆ ಬಸಿಯನ್ನು ಒಡೆದು, ಗುಹೆಯ ಬಾಗಿಲನ್ನೂ ಒಡೆದು ಬೆಳೆಯಿತು. ಗಿಳಿಯ ಕಹಿ ಹೋಯಿತು, ಬಹುಮಟ್ಟಿಗೆ.

ಆನೆಯ ಮೇಲೆ ಮನೆಗೆ ಬರುವಾಗ ಇರವಂತಿ ಕೇಳಿದಳು, "ಒಳಗೆ ಉಸಿರು ಕಟ್ಟಿತೇ, ಅಕ್ಕಾ?"

"ಇಲ್ಲ ಕಣೇ" ಎಂದಳು ಸುರಗಿ, ತಂಗಿಯ ಕಣ್ಣೊರೆಸುತ್ತಾ. "ಬೆಚ್ಚಗಿತ್ತು. ಯಾರೋ ಮಡಿಲಲ್ಲಿ ಮಲಗಿಸಿಕೊಂಡ ಹಾಗಿತ್ತು."

ಅಂದಿನಿಂದ ಮಂಜುಗಿರಿಯಲ್ಲಿ ಚಹಾಕ್ಕಾಗಿ ಕಾಯುವ ಹೊತ್ತನ್ನು ರಾಜರೂ ದಂಡವೆನ್ನಲಿಲ್ಲ. ಅಕ್ಕ, ತಂಗಿ, ಆನೆ, ಗಿಳಿ, ಎಲ್ಲರೂ ನೂರು ವರ್ಷ ನಗುನಗುತ್ತಾ ಬಾಳಿದರು.