ಹಿಂದಿನ ಸೀಟು

ಕುಂತೂರು ದಾಟುತ್ತಿದ್ದಂತೆ ರತ್ನಳ ಕಣ್ಣಿಗೆ ಬಿದ್ದದ್ದು, ಮೈತುಂಬ ಹೂವಿನ ಹಾರ ಹೊತ್ತು ರಸ್ತೆಬದಿ ನಿಂತಿದ್ದ ಬಿಳಿ ಅಂಬಾಸಿಡರ್. ಬಾನೆಟ್ಟಿನೊಳಗೆ ತಲೆ ತೂರಿಸಿದ್ದವನು ಯಾರೆಂದು ಬೆನ್ನು ನೋಡಿಯೇ ತಿಳಿಯಿತು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು.

ಯಳಂದೂರಿಗೆ ರೇಷ್ಮೆಗೂಡು ತುಂಬಲು ಹೊರಟಿದ್ದ ಖಾಲಿ ಪಿಕಪ್ಪಿನಿಂದ ಕತ್ತು ಹೊರಹಾಕಿದಳು.

"ಏನ್ ಮಾದಸ್ವಾಮಿಯೋರೆ, ಪಟ್ಟದ ರಾಣಿ ಮುನಿಸ್ಕಂಡ್ಳಾ?"

ಮಾದಸ್ವಾಮಿ ತಲೆಯೆತ್ತಿದ. ಇಸ್ತ್ರಿ ಶರ್ಟು, ಕೆನ್ನೆಗೆ ಗ್ರೀಸು. ಕೊಳ್ಳೇಗಾಲದ ಮದುವೆಗಳಿಗೆ ಅವನ ತಾತನ ಕಾಲದ ಈ ಕಾರೇ ಆಗಬೇಕು.

"ಹೆಣ್ಣುಗಂಡ್ನ ನೆಂಟರ ಗಾಡಿಗೆ ಅತ್ತಿಸ್ದೆ, ದೇವಸ್ಥಾನಕ್ಕೋಗವ್ರೆ. ಅವರು ಬರೋ ಹೊತ್ಗೆ ಇದು ಯಳಂದೂರಲ್ಲಿ ಗಂಡಿನ ಮನೆ ಮುಂದೆ ಇಲ್ದಿದ್ರೆ ಮಾನ ಓಯ್ತದೆ."

"ನಮ್ಮ ಪಿಕಪ್ ನೋಡಿ. ಕೀ ತಿರುಗ್ಸುದ್ರೆ ಸಾಕು, ಒಂದಿನಾನೂ ದಾರೀಲಿ ಕೈ ಬುಟ್ಟಿಲ್ಲ."

"ಚೆಂದ?"

"ಚೆಂದ ಅನ್ನ ಇಕ್ತದಾ?"

ಅವನು ನಕ್ಕ. ಆ ನಗುವಿಗೇ ಅವಳು ಹೆದರುತ್ತಿದ್ದುದು. ಯುಗಾದಿಗೆ ಮುಂಚೆ ಪೆಟ್ರೋಲ್ ಬಂಕಿನಲ್ಲಿ ಹೀಗೇ ನಕ್ಕು, "ನನ್ನ ಮದ್ವೆ ಆಯ್ತೀರಾ?" ಎಂದಿದ್ದ. ಅವಳು ಉತ್ತರ ಕೊಡದೆ ಗಾಡಿ ಎಬ್ಬಿಸಿಕೊಂಡು ಬಂದುಬಿಟ್ಟಿದ್ದಳು.

ಮನಸ್ಸಿಲ್ಲದೆ ಅಲ್ಲ. ಗಂಡ ತೀರಿಕೊಂಡ ಮೇಲೆ ಅವನ ಪಿಕಪ್ ಓಡಿಸಲು ಕಲಿತಾಗ, ಪಕ್ಕದಲ್ಲಿ ಕೂತು "ಮಾದಪ್ಪಾ, ಮಾದಪ್ಪಾ" ಅಂತ ಬೆಟ್ಟದ ದೇವರನ್ನು ಕರೆಯುತ್ತ ಕಣ್ಣು ಮುಚ್ಚಿಕೊಂಡೇ ಧೈರ್ಯ ತುಂಬಿದವಳು ಅತ್ತೆ ದೊಡ್ಡಬಸಮ್ಮ. ಆ ಜೀವವನ್ನು ಹನೂರಿನಲ್ಲಿ ಬಿಟ್ಟು, ಮಗಳನ್ನು ಕಟ್ಟಿಕೊಂಡು ಬೇರೆ ಮನೆ ತುಂಬುವುದು ಹೇಗೆ?

ಹಗ್ಗ ತೆಗೆದು ಕಾರನ್ನು ಪಿಕಪ್ಪಿನ ಹಿಂದಕ್ಕೆ ಕಟ್ಟಿದಳು.

"ಹಗ್ಗ ಸಡಿಲ ಬುಡ್ಬೇಡಿ. ನಾ ನಿಧಾನ ಮಾಡುದ್ರೆ ನೀವೇ ಬ್ರೇಕ್ ಒತ್ಬೇಕು. ಇಲ್ದಿದ್ರೆ ಬಂದು ನನ್ನೇ ಗುದ್ತೀರಿ."

"ಗುದ್ದಾಕಿಲ್ಲ. ಇಷ್ಟು ದಿನ ದೂರದಲ್ಲೇ ಬಂದಿಲ್ವಾ?"

ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ತಡೆತಡೆದು ಸಾಗುತ್ತಿದ್ದವು. ಅವಳು ನಿಧಾನವಾದಾಗಲೆಲ್ಲ ಅವನೂ ನಿಧಾನ. ಹಗ್ಗ ಒಮ್ಮೆಯೂ ನೆಲ ಮುಟ್ಟಲಿಲ್ಲ. ಕನ್ನಡಿಯಲ್ಲಿ ಹೂವಿನ ನಡುವೆ ಎರಡು ಕಣ್ಣು; ಅವಳು ನೋಡಿದರೆ ರಸ್ತೆ ನೋಡುತ್ತಿದ್ದವು, ನೋಡದಿದ್ದರೆ ಅವಳನ್ನೇ.

ಯಳಂದೂರಿನ ಗಂಡಿನ ಮನೆ ಬಾಗಿಲಲ್ಲಿ, ಕಣ್ಣು ಮಂಜಾದ ಅಜ್ಜಿಯೊಬ್ಬಳು ಆರತಿ ತಟ್ಟೆ ಹಿಡಿದು ಕಾದಿದ್ದಳು. ಹೂವಿನ ಕಾರು ನಿಂತಿತು. ರತ್ನ, ಮಾದಸ್ವಾಮಿ ಇಳಿದರು; ಅಜ್ಜಿಗೆ ಕಂಡದ್ದು ಒಂದು ಗಂಡು, ಒಂದು ಹೆಣ್ಣು. ಅಜ್ಜಿ ತಟ್ಟೆ ಎತ್ತಿಯೇಬಿಟ್ಟಳು.

"ಅಯ್ಯೋ ಅಜ್ಜಿ, ನಾನು ಮದ್ವೆ ಹೆಣ್ಣಲ್ಲ!" ರತ್ನ ಹಿಂದೆ ಸರಿದಳು. "ಗಂಡ ಇಲ್ದೋಳು."

"ಯಾರಾದ್ರೇನವ್ವ? ಎತ್ತಿದ ಆರತಿ ಇಳಿಸ್ಬಾರ್ದು. ಅವ್ರಿಗೆ ಬ್ಯಾರೆ ಕಲಸ್ತೀನಿ, ನಿಂತ್ಕೊ!"

ಕೆಂಪು ನೀರಿನ ತಣ್ಣನೆ ಬೆರಳು ಹಣೆಗೆ ತಾಗಿತು. ಎಷ್ಟೋ ಕಾಲದಿಂದ ಬರಿದಾಗಿದ್ದ ಹಣೆ. ಆಮೇಲೆ ಅವನ ಹಣೆಗೆ. ಅಜ್ಜಿ ಒಳಗೆ ಹೋದ ಮೇಲೂ ಇಬ್ಬರೂ ಹಾಗೇ ನಿಂತಿದ್ದರು.

"ನಮ್ಮತ್ತೆ ಬುಟ್ಟು ನಾನು ಎಲ್ಲಿಗೂ ಬರಾಕಿಲ್ಲ," ಅಂದಳು ರತ್ನ, ನೆಲ ನೋಡುತ್ತ. "ಮಗಳೂ ಅವ್ಳೆ."

ಮಾದಸ್ವಾಮಿ ಅಂಬಾಸಿಡರಿನ ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲೆ ಉದುರಿದ್ದ ಹೂವನ್ನು ಅಂಗೈಯಲ್ಲಿ ಸರಿಸಿದ.

"ನಿಮ್ ಗಾಡೀಲಿ ಮುಂದೆ ಕೂರೋರ್ಗಷ್ಟೇ ಜಾಗ. ಇಲ್ಲಿ ನೋಡಿ. ಅತ್ತೆಮ್ಮ ಕಿಟಕಿ ಪಕ್ಕ, ಮಗಳು ಈ ಕಡೆ. ಕಾಲು ಮಡಚ್ಕಂಡು ಮಲಗ್ಬೋದು. ಅವತ್ತು ಬಂಕಲ್ಲಿ ಇದ್ನೇ ಏಳಾಕೆ ಬಂದೆ, ನೀವು ನಿಲ್ನಿಲ್ಲ."

ರತ್ನ ಹಗ್ಗ ಬಿಚ್ಚಿ, ಸುರುಳಿ ಸುತ್ತಿ ಅವನ ಕೈಗಿಟ್ಟಳು.

"ಇಟ್ಕಂಡಿರಿ. ಗೂಡು ತುಂಬ್ಕಂಡು ಬತ್ತೀನಿ. ನಿಮ್ ಕಾರ್ನ ಹನೂರ್ಗಂಟ ಎಳ್ಕಂಡೋಯ್ತೀನಿ. ನಮ್ಮತ್ತೆ ಸೀಟು ನೋಡ್ದೆ ಒಪ್ಪಾಕಿಲ್ಲ."

"ಲೋಡ್ ಜೊತೆ ಇದ್ನೂ ಎಳೀತದಾ?"

"ಪಿಕಪ್ ಕಣ್ರಿ. ಚೆಂದ ಇಲ್ಲ, ಅಷ್ಟೇ."

"ಚೆಂದ ಇಲ್ಲ ಅಂತ ಯಾರ್ ಏಳುದ್ದು?" ಅಂದ ಮಾದಸ್ವಾಮಿ. ಅವನು ನೋಡುತ್ತಿದ್ದುದು ಪಿಕಪ್ಪನ್ನಲ್ಲ.