ಗುಡ್ಡದ ಮೇಲಿನ ಬಾಗಿಲು

ಅವರಿಬ್ಬರ ಪರಿಚಯವಾದದ್ದೇ ಒಂದು ಕಳ್ಳತನದ ಅನುಮಾನದಿಂದ.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿತ್ತು ಮಹೀನ್‌ಳ ಕಂಟ್ರೋಲ್ ರೂಮ್. ಹಳ್ಳಿಹಳ್ಳಿಯ ಮೊಬೈಲ್ ಟವರ್‌ಗಳಲ್ಲಿ ಕರೆಂಟ್ ಇದೆಯೇ, ಬ್ಯಾಟರಿ ಎಷ್ಟು ಉಳಿದಿದೆ, ಜನರೇಟರ್‌ನಲ್ಲಿ ಡೀಸೆಲ್ ಇದೆಯೇ ಎಂಬುದನ್ನೆಲ್ಲ ಅಲ್ಲಿನ ಸ್ಕ್ರೀನ್‌ಗಳು ಹೇಳುತ್ತಿದ್ದವು. ಅವಳು ಕೆಲಸಕ್ಕೆ ಸೇರಿದ ಹೊಸತು. ಒಂದು ಬೆಳಿಗ್ಗೆ ಸ್ಕ್ರೀನಿನಲ್ಲಿ ಕಡಬದ ಗುಡ್ಡದ ಟವರ್ ಸೈಟಿನ ಹೆಸರಿನೆದುರು ಕೆಂಪು ಅಕ್ಷರ ಮಿನುಗಿತು: ಕೋಣೆಯ ಬಾಗಿಲು ತೆರೆದಿದೆ.

ಗುಬ್ಬಿ ಕಡೆಯ ಸೈಟುಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್‌ಗೆ ಫೋನ್ ಮಾಡಿದಳು.

"ಶಾಬಾಜ್ ಅವ್ರಾ? ಕಡಬ ಸೈಟಿಗೆ ಯಾರೋ ಕಳ್ಳ ನುಗ್ಗಿದಾನೆ, ಬೇಗ ಹೋಗಿ!"

"ಹೌದಾ ಮೇಡಂ? ನೋಡೋಕೆ ಹೆಂಗವ್ನೆ?"

"ನಂಗೇನ್ ಗೊತ್ತು? ಹೋಗಿ ಹಿಡೀರಿ!"

"ಹಿಡಿದಾಯ್ತು. ಬಾಗ್ಲಲ್ಲೇ ಕೂತ್ಕೊಂಡು ಚಿತ್ರಾನ್ನ ತಿಂತಾವ್ನೆ. ಪಾಪ, ಹಸಿದಿದಾನೆ. ತಿಂದಾದ್ಮೇಲೆ ಬೈತೀರಾ, ಈಗ್ಲೇ ಬೈತೀರಾ?"

ಮಹೀನ್ ಈಗಲೇ ಬೈದಳು. ಬಾಗಿಲು ತೆಗೆಯುವ ಮುಂಚೆ ಕಂಟ್ರೋಲ್ ರೂಮಿಗೆ ಹೇಳಬೇಕೆಂಬ ರೂಲ್ ಗೊತ್ತಿಲ್ಲವೇ ಎಂದು ಕೇಳಿದಳು.

"ಇನ್ಮೇಲೆ ನಿಮ್ಮನ್ನ ಕೇಳ್ದೆ ಯಾವ ಬಾಗ್ಲೂ ತೆಗಿಯಲ್ಲ ಮೇಡಂ," ಎಂದ ಶಾಬಾಜ್. ಆ ದನಿಯಲ್ಲಿದ್ದ ನಗು ಅವಳಿಗೆ ಫೋನ್ ಇಟ್ಟ ಮೇಲೂ ಕೇಳಿಸುತ್ತಿತ್ತು.

ಅವನು ಮಾತು ಉಳಿಸಿಕೊಂಡ. ಯಾವ ಸೈಟಿಗೆ ಹೋದರೂ "ತೆಗೀಲಾ?" ಎನ್ನುತ್ತಿದ್ದ. "ತೆಗೀರಿ," ಎನ್ನುತ್ತಿದ್ದಳು. ಆ ಎರಡು ಪದಗಳ ನಡುವೆ ಮೆಲ್ಲಗೆ ಇನ್ನೂ ಏನೇನೋ ಬಂದು ಸೇರಿದವು. ಕಡಬದ ಕೆರೆಗೆ ಬಂದ ಕೊಕ್ಕರೆಗಳು, ಅವಳ ಟಿಫಿನ್ ಡಬ್ಬಿ, ಅವನ ಬೈಕಿನ ಮುನಿಸು. ಇಬ್ಬರ ಮನೆಯಲ್ಲೂ ಉರ್ದು. ಆದರೂ ಡ್ಯೂಟಿಯ ಮಾತಾಗಿ ಶುರುವಾದ ಕನ್ನಡವೇ ಅವರ ಗುಟ್ಟಿನ ಮಾತಾಗಿ ಉಳಿಯಿತು.

ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವನ ವಾಟ್ಸಾಪ್‌ನಲ್ಲಿ ಇದ್ದದ್ದು ಕೆರೆಯ ಫೋಟೋ. ಅವಳದರಲ್ಲಿ ಬೆಕ್ಕಿನ ಮರಿ.

ಒಂದು ದಿನ ಮಹೀನ್ ತಡವರಿಸುತ್ತ ಹೇಳಿದಳು, "ಭಾನುವಾರ ಕುಣಿಗಲ್‌ನಿಂದ ನನ್ನ ನೋಡೋಕೆ ಬರ್ತಿದಾರೆ."

ಆ ಕಡೆಯಿಂದ ಶಾಬಾಜ್, "ಒಳ್ಳೇದಾಯ್ತು ಮೇಡಂ."

"ಅಷ್ಟೇನಾ? ಬೇರೆ ಏನೂ ಹೇಳೋಕಿಲ್ವಾ?"

"ಇದೆ. ಆದ್ರೆ ಕಂಪನಿ ಲೈನು, ಎಲ್ಲಾ ರೆಕಾರ್ಡ್ ಆಗತ್ತೆ."

ಅವಳು ಸಿಟ್ಟಿನಿಂದ ಕಟ್ ಮಾಡಿದಳು. ಮನೆಗೆ ಹೋಗುವವರೆಗೂ ಕಣ್ಣು ಉರಿಯುತ್ತಿತ್ತು.

ಮರುದಿನ ಮಧ್ಯಾಹ್ನ ಬಿರುಗಾಳಿ ಬೀಸಿತು. ಕಡಬದ ಸುತ್ತ ಕರೆಂಟ್ ಕಂಬಗಳು ಉರುಳಿದವು. ಗುಡ್ಡದ ಸೈಟಿನ ಬ್ಯಾಟರಿ ಇಳಿಯತೊಡಗಿತು. ಜನರೇಟರ್ ತಾನಾಗಿ ಶುರುವಾಗದ್ದರಿಂದ ಶಾಬಾಜ್ ಅಲ್ಲಿಗೆ ಹೋಗಿ ಫೋನ್ ಮಾಡಿದ.

"ತೆಗೀತೀನಿ ಮೇಡಂ." ಇವತ್ತು ದನಿಯಲ್ಲಿ ನಗುವಿರಲಿಲ್ಲ.

"ತೆಗೀರಿ."

ಸ್ವಲ್ಪ ಹೊತ್ತಿಗೆ ಆ ಭಾಗದ ಮೊಬೈಲ್‌ಗಳೆಲ್ಲ ಸತ್ತವು. ಬ್ಯಾಟರಿ ತೀರಾ ಇಳಿದಾಗ ಟವರ್ ಮೊದಲು ಜನರ ಫೋನುಗಳನ್ನು ಕೈಬಿಡುತ್ತದೆ. ಉಳಿದ ಚಾರ್ಜನ್ನು ತುಮಕೂರಿಗೆ ಸುದ್ದಿ ಕಳಿಸಲು ಇಟ್ಟುಕೊಳ್ಳುತ್ತದೆ. ಹಾಗಾಗಿ ಅವನ ಫೋನ್ ಸಿಗಲಿಲ್ಲ, ಸ್ಕ್ರೀನ್ ಮಾತ್ರ ಬದುಕಿತ್ತು.

ಜನರೇಟರ್ ಆನ್ ಆಗಲೇ ಇಲ್ಲ. ಆದರೆ ಬಾಗಿಲು ಮುಚ್ಚಿತು. ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

"ಸೆನ್ಸರ್ ಕೆಟ್ಟಿರ್ಬೇಕು ಕಣೇ," ಎಂದಳು ಪಕ್ಕದ ಸೀಟಿನ ಅಪರ್ಣ.

ಮಹೀನ್ ಆಗಲೇ ಫೋನ್ ಎತ್ತಿಕೊಂಡಿದ್ದಳು. "ಇಲ್ಲ ಅಪರ್ಣ, ಅವ್ರು ಕರೀತಿದಾರೆ. ಫೋನ್ ಇಲ್ಲ. ಬಾಗ್ಲು ಆಡಿಸಿದ್ರೆ ನಂಗೆ ಕಾಣತ್ತೆ ಅಂತ ಅವ್ರಿಗೆ ಗೊತ್ತು."

ಗುಬ್ಬಿಯ ಅಗ್ನಿಶಾಮಕ ಠಾಣೆಗೂ ಆಂಬುಲೆನ್ಸ್‌ಗೂ ಒಂದರ ಹಿಂದೊಂದು ಫೋನ್ ಮಾಡಿದಳು. ಅಷ್ಟರಲ್ಲಿ ಬಾಗಿಲಿನ ಆಟ ನಿಧಾನವಾಯಿತು. ಕೊನೆಗೆ ನಿಂತೇ ಹೋಯಿತು.

"ನೀನ್ ಹೋಗೇ, ನಾನ್ ನೋಡ್ಕೋತೀನಿ," ಎಂದು ಅಪರ್ಣ ಅವಳ ಸೀಟಿಗೆ ಬಂದು ಕೂತಳು.

ಮಹೀನ್ ಫೋನ್ ಮಾಡಿದ ಕೂಡಲೇ ಅವಳ ತಂದೆ ಅಕ್ರಂ ಪಾಷಾ ತಮ್ಮ ವಾಚ್ ರಿಪೇರಿ ಅಂಗಡಿ ಬಿಟ್ಟು ಸ್ಕೂಟರ್ ತಂದರು. ಹೆದ್ದಾರಿಗೆ ಬಂದ ಮೇಲೆ ಕೇಳಿದರು, "ಯಾರಮ್ಮ ಅವ್ನು?"

"ಕೆಲಸದಲ್ಲಿ ಪರಿಚಯ, ಅಬ್ಬಾ."

ಅವರು ಕನ್ನಡಿಯಲ್ಲಿ ಮಗಳ ಮುಖ ನೋಡಿದರು. ಸ್ಕೂಟರಿನ ವೇಗ ಹೆಚ್ಚಿಸಿದರು.

ಅವರು ಗುಬ್ಬಿ ಆಸ್ಪತ್ರೆಗೆ ಬರುವಷ್ಟರಲ್ಲಿ ಶಾಬಾಜ್‌ನನ್ನು ತಂದು ಮಲಗಿಸಿದ್ದರು. ಗಾಳಿಗೆ ಟವರ್ ಮೇಲಿನ ಹೆಜ್ಜೇನು ಎದ್ದಿತ್ತು. ಜನರೇಟರ್ ಕಡೆ ಹೋಗುತ್ತಿದ್ದವನನ್ನು ಮುತ್ತಿಕೊಂಡಿತ್ತು. ಅವನು ಸೈಟಿನ ಕೋಣೆಗೆ ಓಡಿ ಸೇರಿಕೊಂಡಿದ್ದ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅವನ ಮುಖ ಊದಿ ಕಣ್ಣುಗಳು ಮುಚ್ಚಿಹೋಗಿದ್ದವು.

"ಶಾಬಾಜ್ ಅವ್ರೇ..."

ಅವನು ಥಟ್ಟನೆ ತಲೆ ತಿರುಗಿಸಿದ. "ಮೇಡಂ? ನೆಟ್‌ವರ್ಕ್ ಬಂತಾ?"

"ಫೋನಲ್ಲ. ನಿಮ್ಮ ಪಕ್ಕದಲ್ಲೇ ಇದೀನಿ."

ಅವನು ಗಾಬರಿಯಿಂದ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡ. "ಅಯ್ಯೋ, ಹೋಗಿ ಮೇಡಂ. ಮೊದಲ್ನೇ ಸಲ ಇಂಥಾ ಮುಖ ನೋಡ್ತೀರಾ? ನಿಜವಾಗ್ಲೂ ನಾನು ಇಷ್ಟು ಕೆಟ್ಟದಾಗಿಲ್ಲ."

ಮಹೀನ್‌ಗೆ ಅಳುವಿನ ನಡುವೆ ನಗು ಬಂತು. ಹೊದಿಕೆಯನ್ನು ಮೆಲ್ಲಗೆ ಸರಿಸಿದಳು. "ಜೇನು ಇದ್ರೂ ಯಾಕೆ ಬಾಗ್ಲು ತೆಗೀತಿದ್ರಿ?"

"ತೆಗೆದಾಗೆಲ್ಲ ಇನ್ನೊಂದಿಷ್ಟು ಕಚ್ಚೋವು. ಆದ್ರೂ ನೀವು ನೋಡ್ತಾ ಇರ್ತೀರಾ ಅಂತ ಧೈರ್ಯ. ಆಮೇಲೆ ಕೈ ಏಳ್ಲಿಲ್ಲ. ಆಗ ಒಂದೇ ಬೇಜಾರು, ಹೇಳ್ಬೇಕಾದ್ದು ಹೇಳ್ದೇ ಹೋದೆನಲ್ಲಾ ಅಂತ."

"ಇಲ್ಲಿ ರೆಕಾರ್ಡ್ ಆಗಲ್ಲ. ಹೇಳಿ."

ಊದಿದ ತುಟಿಗಳಲ್ಲಿ ಮಾತು ಕಷ್ಟಪಟ್ಟು ಹೊರಟಿತು. "ಕುಣಿಗಲ್‌ನೋರು ಬೇಡ ಮಹೀನ್. ನನ್ನ ಮದುವೆ ಆಗ್ತೀಯಾ?"

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು. ಅವಳು ಅವನ ಬೆರಳು ಹಿಡಿದುಕೊಂಡಳು. "ಆಗ್ತೀನಿ. ಇಷ್ಟು ಕೇಳೋಕೆ ಜೇನು ಕಚ್ಚಿಸ್ಕೋಬೇಕಿತ್ತಾ?"

ಹಿಂದೆ ಯಾರೋ ಕೆಮ್ಮಿದರು. ವಾರ್ಡಿನ ಹೊಸ್ತಿಲಲ್ಲಿ ನಿಂತ ಅಕ್ರಂ ಪಾಷಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗಳು ಬೆಚ್ಚಿದಳು, ಆದರೆ ಕೈ ಬಿಡಲಿಲ್ಲ. ಅವರು ಆ ಎರಡು ಕೈಗಳನ್ನು ಸ್ವಲ್ಪ ಹೊತ್ತು ನೋಡಿ, ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಕರೆ ಮಾಡಿದರು.

"ಫಾತಿಮಾ, ಕುಣಿಗಲ್‌ನೋರಿಗೆ ಬರೋದ್ ಬೇಡ ಅಂತ ಹೇಳ್ಬಿಡು... ಹೂಂ, ಹುಡುಗನ್ನ ನೋಡ್ದೆ... ಏ, ಹೆಂಗಿದಾನೆ ಅಂತ ಈಗ್ಲೇ ಕೇಳ್ಬೇಡ ಮಾರಾಯ್ತಿ! ಊತ ಇಳೀಲಿ, ಮನೆಗೇ ಕರ್ಕೊಂಡು ಬರ್ತೀನಿ."