ಮೊನೆ ಮುರಿಯದ ನಕ್ಷತ್ರ

ಸೋಮವಾರ ಬೆಳಿಗ್ಗೆ 10.20ಕ್ಕೆ ತೂಕ ಮತ್ತು ಅಳತೆ ಇಲಾಖೆಯ ಅಧಿಕಾರಿ ಒಂದು ತಕ್ಕಡಿಯನ್ನು ಎದೆಗವಚಿಕೊಂಡು ಠಾಣೆಗೆ ಬಂದರು. ಮಾರುಕಟ್ಟೆಯ ಹನ್ನೊಂದು ಅಂಗಡಿಗಳ ತಕ್ಕಡಿಗಳಿಗೆ ಯಾರೋ ನಕಲಿ ಸರ್ಕಾರಿ ಮುದ್ರೆ ಹಾಕಿದ್ದಾರೆ ಎಂಬುದು ಅವರ ದೂರು. ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದು, ಸೀಸದ ಬಿಲ್ಲೆಯ ಮೇಲಿದ್ದ ನಕ್ಷತ್ರವನ್ನು ನೋಡಿದರು.

"ಚೆನ್ನಾಗೇ ಇದೆಯಲ್ಲ?"

"ಅದೇ ತಪ್ಪು ಮೇಡಂ. ನಮ್ಮ ಅಚ್ಚಿನ ನಕ್ಷತ್ರದ ಒಂದು ಮೊನೆ ಹೋದ ವರ್ಷವೇ ಮುರಿದಿದೆ. ಹೊಸದು ಕೊಡಿ ಅಂತ ಬರೆದು ಬರೆದು ಕೈ ಸೋತಿದೆ. ಇದರಲ್ಲಿ ಐದೂ ಮೊನೆ ನೆಟ್ಟಗಿವೆ."

ಹೆಡ್ ಕಾನ್‌ಸ್ಟೆಬಲ್ ನಕ್ಕುಬಿಟ್ಟರು. ಅಸಲಿಗಿಂತ ನಕಲಿ ಚೆಂದವಿದ್ದ ಕೇಸು ಅವರ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಇದೇ ಮೊದಲು. 11 ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಅಂಗಡಿಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮಂಗಳವಾರ ಸಂಜೆ ಔಷಧಿ ಅಂಗಡಿಯ ಹೆಂಗಸು ತಡೆಯಲಾರದೆ ಸಿಡುಕಿದಳು.

"ತಕ್ಕಡಿ ತಾತ ಅಲ್ಲದೆ ಇನ್ಯಾರು? ನಮ್ಮಪ್ಪನ ಕಾಲದಿಂದ ರಿಪೇರಿ ಅವರದೇ. ಡಿಪ್ಲೊಮಾ ಇಲ್ಲ ಅಂತ ಲೈಸೆನ್ಸ್ ನವೀಕರಿಸಲಿಲ್ಲ. ಲೈಸೆನ್ಸ್ ಇಲ್ಲದವರು ಮುಟ್ಟಿದ ತಕ್ಕಡಿಗೆ ಮುದ್ರೆ ಇಲ್ವಂತೆ. 'ನನ್ನ ಕೆಲಸ ನೋಡಿ ಹೇಳಿ' ಅಂತ ಮೂರು ಸಲ ಅರ್ಜಿ ಹಾಕಿದ್ರು. ಚಪ್ಪಲಿ ಸವೆಯಿತೇ ಹೊರತು ಒಬ್ಬರೂ ಬಂದು ನೋಡಲಿಲ್ಲ."

ಬುಧವಾರ ಮಧ್ಯಾಹ್ನ 3ಕ್ಕೆ ತಾತನ ಕಾರ್ಯಾಗಾರದ ಶೋಧ ನಡೆಯಿತು. ಅರಗಳು ಉದ್ದದ ಪ್ರಕಾರ ಗೋಡೆಗೆ ನೇತಾಡುತ್ತಿದ್ದವು. ತಾತ ತಾನೇ ಡ್ರಾಯರ್ ಎಳೆದು ಉಕ್ಕಿನ ಅಚ್ಚನ್ನು ಮೇಜಿನ ಮೇಲಿಟ್ಟ.

"ಯಾರು ಮಾಡಿದ್ದು?" ಇನ್‌ಸ್ಪೆಕ್ಟರ್ ಕೇಳಿದರು.

"ನಾನೇ. ಇನ್ಯಾರಿಗೆ ಬರುತ್ತೆ?"

"ಮುರಿದ ಮೊನೆ ನೋಡಿರಲಿಲ್ವಾ?"

"ನೋಡಿದ್ದೆ. ಹಾಗೆ ಕೆತ್ತೋಕೆ ಕೈ ಬರಲಿಲ್ಲ."

ಜಪ್ತಿಯಾದ ಹನ್ನೊಂದೂ ತಕ್ಕಡಿಗಳನ್ನು ಅಲ್ಲಿಗೇ ತರಿಸಿ, ಅಧಿಕಾರಿ ಇಲಾಖೆಯ ಪ್ರಮಾಣ ತೂಕಗಳಿಟ್ಟು ಪರೀಕ್ಷಿಸಿದರು. ಎರಡು ಗಂಟೆ ಹಿಡಿಯಿತು. ಎಲ್ಲೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ.

"ಇಷ್ಟು ಸರಿ ಇದ್ರೂ ಅಪರಾಧನಾ?" ಬಾಗಿಲಲ್ಲಿ ನಿಂತಿದ್ದ ತಾತನ ಹೆಂಡತಿ ಕೇಳಿದಳು.

"ಅಪರಾಧವೇ, ಅಮ್ಮಾ. ಇವತ್ತು ಇವರು ಸರಿ ತೂಕಕ್ಕೆ ಹಾಕ್ತಾರೆ, ನಾಳೆ ಇನ್ನೊಬ್ಬ ಕಳ್ಳ ತೂಕಕ್ಕೆ ಹಾಕ್ತಾನೆ. ಕೊಳ್ಳೋರು ನಂಬೋದು ಆ ಮುದ್ರೆಯೊಂದನ್ನೇ," ಎಂದರು ಅಧಿಕಾರಿ.

ಮಾತು ನ್ಯಾಯವಾಗಿಯೇ ಇತ್ತು. ಆದರೂ ಇನ್‌ಸ್ಪೆಕ್ಟರಿಗೆ ಸಂಕಟವಾಯಿತು.

ತಾತ ವಾದಿಸಲಿಲ್ಲ. "ನನ್ನ ಕರ್ಕೊಂಡು ಹೋಗಿ. ಆದ್ರೆ ತಕ್ಕಡಿ ಸರಿ ಇತ್ತು ಅಂತ ಒಂದು ಸಾಲು ಬರೀರಿ."

"ನಿಜ ಬರೆಯೋಕೆ ನಿಮ್ಮ ಶಿಫಾರಸು ಬೇಡ," ಎಂದ ಇನ್‌ಸ್ಪೆಕ್ಟರ್ ಪಂಚನಾಮೆಗೆ ಆ ಸಾಲು ಬರೆಸಿದರು. ಅಧಿಕಾರಿ ಕೆಳಗೆ ರುಜು ಹಾಕಿದರು. ಹೆಡ್ ಕಾನ್‌ಸ್ಟೆಬಲ್ ಎಲ್ಲರೆದುರು ಓದಿದರು: ಹನ್ನೊಂದೂ ತಕ್ಕಡಿಗಳು ನಿಖರವಾಗಿವೆ.

5.40ಕ್ಕೆ ಬಂಧನ. ತಾತ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ಹೆಂಡತಿಯ ಕಡೆ ತಿರುಗಿದ.

"ಕೇಳಿಸ್ತೇನೇ? ನೋಡಿದ್ರು ಕಣೇ. ಒಂದೊಂದನ್ನೂ ನೋಡಿದ್ರು."